ಅಯ್ನೋರ ಸಿಮೆಂಟು ದಾರಿ

“ದಾರಿ ಅಂದರೆ ದಾರಿಯ ಹಾಗಿರಬೇಕು! ಸಿಮೆಂಟು ಕಾಂಕ್ರೀಟಿನ ದಾರಿ! ಮಧುಗಿರಿ ಬೆಟ್ಟ ಸವೆದರೂ ಅದು ಸವೆಯಬಾರದು!” ಎಂದು ರೇಣುಕಯ್ಯನವರು ಶಿವರಾತ್ರಿಯ ಮಾರನೆಯ ಬೆಳಗ್ಗೆ, ಉಪವಾಸ ಬಿಟ್ಟು ಮೂರನೆಯ ರೊಟ್ಟಿಗೆ ಕೈ ಹಾಕುತ್ತ ಘೋಷಣೆ ಮಾಡಿದರು.

ಅವರ ಹೆಂಡತಿ ಚನ್ನಮಲ್ಲಮ್ಮನವರು ಹೆಂಚಿನ ಮೇಲಿನ ನಾಲ್ಕನೆಯ ರೊಟ್ಟಿಯನ್ನು ಮಗುಚಿ ಹಾಕಿ, “ಮೊದ್ಲು ಪಲ್ಯ ಹಾಕಿಸ್ಕೊಳಿ. ಬರೀ ರೊಟ್ಟಿ ಗಂಟಲಿಗೆ ಸಿಕ್ಕೊಂಡಾತು” ಎಂದರು.

ಘೋಷಣೆಗೆ ಕಾರಣವಿತ್ತು. ರೇಣುಕಯ್ಯನವರ ಮನೆ ಇದ್ದದ್ದು ಮಧುಗಿರಿ ಬೆಟ್ಟದ ಬುಡದಲ್ಲಿ, ಬೀದಿಗಿಂತ ಒಂದಾಳು ಎತ್ತರದಲ್ಲಿ. ಬೀದಿಯಿಂದ ಬಾಗಿಲಿಗೆ ಹದಿನೈದು ಗಜದ ಏರು. ವರ್ಷದಲ್ಲಿ ಹತ್ತು ತಿಂಗಳು ಮಳೆಯ ಸುಳಿವೇ ಇರದ ಊರು ಅದು. ಆದರೆ ಬಂದಾಗ ಮಾತ್ರ ಬಂಡೆಯ ಮೇಲೆ ಬಿದ್ದ ನೀರೆಲ್ಲ ಬೇರೆ ಯಾರ ಮನೆಯೂ ಕಾಣದಂತೆ ಇವರ ಮನೆಯ ಮುಂದೆಯೇ ಇಳಿದು, ಏರನ್ನು ಕೊರಕಲು ಮಾಡಿ ಹೋಗುತ್ತಿತ್ತು. ಆ ಕೊರಕಲಿನಲ್ಲಿ ಗಾಡಿ ಹತ್ತುತ್ತಿರಲಿಲ್ಲ. ಬಂದ ನೆಂಟರೆಲ್ಲ ಬೀದಿಯಲ್ಲೇ ಇಳಿದು, ಸೀರೆಯನ್ನೋ ಪಂಚೆಯನ್ನೋ ಎತ್ತಿ ಹಿಡಿದು ನಡೆದೇ ಬರಬೇಕು.

ಮಗಳು ನಾಗರತ್ನಮ್ಮನ ಮದುವೆಯಲ್ಲಿ ಹಾಗೆ ನಡೆದು ಬಂದವರಲ್ಲಿ ಕೊರಟಗೆರೆಯ ಬೀಗಿತ್ತಿ ಶಿವರುದ್ರಮ್ಮನವರೂ ಒಬ್ಬರು. ಅವರು ಅರ್ಧ ಏರು ಹತ್ತಿ, ಜಾರಿ, ಓಲಗದವರ ಕಣ್ಣೆದುರಿಗೇ ದೊಪ್ಪನೆ ಕೂತುಬಿಟ್ಟರು. ಓಲಗದವರಾದರೂ ಊದುತ್ತ ಇದ್ದಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೋ ಏನೋ. ಅವರು ಪಾಪ, ಗಾಬರಿಯಿಂದ ಊದುವುದನ್ನು ನಿಲ್ಲಿಸಿದರು. ಊರಿಗೆ ಊರೇ ತಿರುಗಿ ನೋಡಿತು!

ಅದಾಗಿ ಎರಡು ವರ್ಷ. ಈಗ ನಾಗರತ್ನಮ್ಮ ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ಶಿವರುದ್ರಮ್ಮನವರು ಹೇಳಿ ಕಳಿಸಿದ್ದರು: “ಯುಗಾದಿ ಕಳೆದ ಸೋಮವಾರ ನಾನೇ ಗಾಡೀಲಿ ಕರ್ಕೊಂಡು ಬತ್ತೀನಿ. ಗಾಡಿ ನಿಮ್ಮ ಬಾಗಿಲ ಮುಂದೆ ನಿಂತ್ರೆ ಹುಡುಗೀನ ಇಳಿಸ್ತೀನಿ. ಬೀದೀಲಿ ನಿಂತ್ರೆ ಅಂಗೇ ಗಾಡಿ ತಿರುಗಿಸ್ತೀನಿ. ಏಳು ತಿಂಗಳ ಬಸುರೀನ ಆ ಕೊರಕಲಲ್ಲಿ ನಡೆಸೋಕೆ ನಂಗೇನು ಹುಚ್ಚಾ? ಬಾಣಂತನ ನಮ್ಮನೇಲೇ ಆಗ್ಲಿ ಬುಡಿ.”

ಈ ಮಾತು ಕೇಳಿದ ದಿನ ಚನ್ನಮಲ್ಲಮ್ಮನವರು ಅಡಿಗೆಮನೆಯಲ್ಲಿ ಕೂತು ಅತ್ತಿದ್ದರು. ಇದ್ದವಳೊಬ್ಬಳು ಮಗಳು. ಅವಳಿಗಾಗಿ ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಮಡಿಸಿಟ್ಟಾಗಿತ್ತು. ಅಟ್ಟದ ಮೇಲಿನ ತೊಟ್ಟಿಲನ್ನು ಇಳಿಸಿ ಎಣ್ಣೆ ಹಚ್ಚಿಯಾಗಿತ್ತು. ಬಾಣಂತಿಯ ಉಂಡೆಗೆಂದು ಒಳ್ಳೆಯ ಬೆಲ್ಲ ತರಿಸಿ ಗಡಿಗೆಯಲ್ಲಿ ತುಂಬಿಟ್ಟಾಗಿತ್ತು. “ಹೆತ್ತೋಳಿಗೆ ಮಗಳ ಬಾಣಂತನ ಮಾಡೋ ಪುಣ್ಯಾನೂ ಇಲ್ವಾ, ಶಿವನೇ” ಎಂದು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ರೇಣುಕಯ್ಯನವರು ಬಾಗಿಲ ಸಂದಿನಿಂದ ನೋಡಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಹೆಂಡತಿಯ ಬೈಗುಳ ಎಷ್ಟು ಬೇಕಾದರೂ ತಡೆದುಕೊಂಡಿದ್ದರು, ಕಣ್ಣೀರನ್ನು ಮಾತ್ರ ತಡೆದುಕೊಳ್ಳಲು ಅವರಿಂದ ಎಂದೂ ಆಗಿರಲಿಲ್ಲ.

“ನಾಕು ಗಾಡಿ ಗರಸು ಹೊಡೆಸಿ ಕುಟ್ಟಿಸಿದ್ರೆ ಸಾಕಲ್ವಾ? ಎಲ್ಲರ ಮನೆ ಮುಂದೂ ಅದೇ ಇರೋದು” ಎಂದರು ಚನ್ನಮಲ್ಲಮ್ಮ, ನಾಲ್ಕನೆಯ ರೊಟ್ಟಿಯನ್ನು ತಟ್ಟೆಗೆ ಹಾಕುತ್ತ.

“ಗರಸು! ಲೇ, ನಿನ್ನ ಗಂಡ ಯಾರು ಅಂತ ಮರೆತುಬಿಟ್ಟೆಯಾ? ಮರಾಮತ್ತು ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿದವನು. ನಾನು ಗರಸು ಹೊಡೆಸಿದರೆ ಇಲಾಖೆಯ ಮಾನ ಏನಾಗಬೇಕು?”

ಮೂವತ್ತು ವರ್ಷ ಸವೆಸಿದ್ದು ನಿಜ. ಸವೆದದ್ದು ಲೇಖನಿ. ರೇಣುಕಯ್ಯನವರು ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಎಸ್ಟಿಮೇಟುಗಳ ನಕಲು ತೆಗೆಯುವುದು ಅವರ ಕೆಲಸ. ಸಿಮೆಂಟನ್ನು ಕೈಯಲ್ಲಿ ಮುಟ್ಟಿದವರಲ್ಲ. ಆದರೆ “ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ” ಎಂಬ ಸಾಲನ್ನು ಎಷ್ಟು ಸಲ ಬರೆದಿದ್ದರೆಂದರೆ, ನಿದ್ದೆಯಿಂದ ಎಬ್ಬಿಸಿದರೆ ಪಂಚಾಕ್ಷರಿಗಿಂತ ಮೊದಲು ಅದೇ ಬಾಯಿಗೆ ಬರುತ್ತಿತ್ತು. ಹೀಗಾಗಿ ಅವರ ಲೆಕ್ಕದಲ್ಲಿ ಅರ್ಧ ಮೈಸೂರು ಸಂಸ್ಥಾನವನ್ನು ಕಟ್ಟಿದವರು ಅವರೇ.

ತುಮಕೂರಿನಿಂದ ಹದಿನಾರು ಮೂಟೆ ಸಿಮೆಂಟು ಬಂತು. ಮಧುಗಿರಿಯ ಗಾರೆ ಕೆಲಸದ ಕಾಟಪ್ಪ ಬಂದ. ನಲವತ್ತು ವರ್ಷದಿಂದ ಸುಣ್ಣದ ಗಾರೆ ಅರೆದು ಗೋಡೆ, ತಾರಸಿ, ಗುಡಿ, ಬಾವಿ ಎಲ್ಲ ಕಟ್ಟಿದವನು. ಮೂಟೆ ಬಿಚ್ಚಿ, ಬೂದಿಯಂಥ ಪುಡಿಯನ್ನು ಚಿಟಿಕೆ ತೆಗೆದು ಮೂಸಿ ನೋಡಿ, “ಇದೇನು ಅಯ್ನೋರೆ, ಒಲೆ ಬೂದಿ ಇದ್ದಂಗೈತೆ” ಎಂದ.

“ಬೂದಿಯಲ್ಲಯ್ಯ, ಸಿಮೆಂಟು! ಇಂಗ್ಲೆಂಡಿನಲ್ಲಿ ಇದರಲ್ಲೇ ಎಲ್ಲ ಕಟ್ಟುತ್ತಾರೆ.”

“ಕಟ್ಕೊಳ್ಳಿ ಬುಡಿ. ನಮ್ಮ ಕನ್ನಂಬಾಡಿ ಕಟ್ಟೆ ಗಾರೇಲೇ ನಿಂತದೆ. ಆಗ್ಲಿ, ಗಾರೆ ಅಣ್ಣ, ಸಿಮೆಂಟು ತಮ್ಮ ಅಂತ ಇಟ್ಕೊಳಾಣ. ಅಣ್ಣಂಗೆ ಏನು ಹಾಕ್ತೀವೋ ತಮ್ಮಂಗೂ ಅದೇ. ಬೆಲ್ಲ ಎಲ್ಲೈತೆ?”

“ಬೆಲ್ಲವೇ?”

“ಗಾರೆಗೆ ಬೆಲ್ಲದ ನೀರು ಹಾಕ್ದಿದ್ರೆ ಅಂಟು ಎಲ್ಲಿಂದ ಬಂದಾತು ಅಯ್ನೋರೆ? ಎರಡು ಅಚ್ಚು ಕೊಡಿ ಸಾಕು.”

ರೇಣುಕಯ್ಯನವರು ಯೋಚಿಸಿದರು. ಎಸ್ಟಿಮೇಟಿನಲ್ಲಿ ಬೆಲ್ಲ ಬರೆದ ನೆನಪಿಲ್ಲ. ಆದರೆ ಆ ಎಸ್ಟಿಮೇಟುಗಳು ಮೈಸೂರು, ಬೆಂಗಳೂರಿನ ತಣ್ಣನೆಯ ಹವೆಗೆ ಬರೆದವು. ಇಲ್ಲಿ ಮಾಘ ಮುಗಿಯುವ ಮೊದಲೇ ಬಂಡೆ ಕಾದು, ಹಪ್ಪಳ ಇಟ್ಟರೆ ತಾನೇ ಸುಟ್ಟುಕೊಳ್ಳುತ್ತದೆ. ಕಾವಿಗೆ ಮದ್ದು ಪಾನಕ. ಪಾನಕಕ್ಕೆ ಬೇಕು ಬೆಲ್ಲ. ಎಂಥ ತರ್ಕ! ಇಷ್ಟು ವರ್ಷ ಈ ತಲೆಯನ್ನು ಬರೀ ನಕಲು ತೆಗೆಯಲು ಬಳಸಿಕೊಂಡರಲ್ಲ ಎಂದು ಅವರಿಗೇ ಮರುಕವಾಯಿತು.

“ಕಾಟಪ್ಪ, ನಮ್ಮ ಬಿಸಿಲಿಗೆ ಎರಡು ಅಚ್ಚು ಯಾವ ಮೂಲೆಗೆ ಸಾಕು? ಸಿಮೆಂಟು ಬಿರುಕು ಬಿಟ್ಟರೆ? ತಂಪಾಗಬೇಕು. ಹನ್ನೆರಡು ಹಾಕು!” ಎಂದರು. ನೇರವಾಗಿ ಒಳಗೆ ಹೋಗಿ, ಗಡಿಗೆಯನ್ನೇ ಎತ್ತಿಕೊಂಡು ಬಂದರು.

ಚನ್ನಮಲ್ಲಮ್ಮನವರು ನೀರು ಸೇದಿಕೊಂಡು ಬರುವ ಹೊತ್ತಿಗೆ ಗಡಿಗೆ ಖಾಲಿ! ಏರಿನ ಕೆಳಗಿನ ಐದು ಗಜಕ್ಕೆ ಸಿಮೆಂಟು ಬಿದ್ದಾಗಿತ್ತು. ಇಡೀ ಬೀದಿ ಆಲೆಮನೆಯ ಹಾಗೆ ಘಮಘಮಿಸುತ್ತಿತ್ತು.

“ಬಾಣಂತಿಗೆ ಅಂತ ಇಟ್ಟ ಬೆಲ್ಲ! ಅಲ್ಲಾ, ಮಗಳಿಗಿಂತ ಮುಂಚೆ ದಾರಿಗೇ ಬಾಣಂತನ ಮಾಡ್ತಿದೀರಾ?”

“ಸುಮ್ಮನಿರೇ. ಇದು ಶಾಸ್ತ್ರದ ವಿಷಯ.”

“ಯಾವ ಶಾಸ್ತ್ರ? ಅಡಿಗೆ ಶಾಸ್ತ್ರಾನಾ?”

ಮಾರನೆಯ ಬೆಳಗ್ಗೆ ದಾರಿ ಗಟ್ಟಿಯಾಗಿರಲಿಲ್ಲ. ಮೂರನೆಯ ದಿನವೂ ಬೆರಳಿಟ್ಟರೆ ಬೆರಳು ಒಳಗೆ ಹೋಗುತ್ತಿತ್ತು. ಅಷ್ಟರಲ್ಲಿ ಮಧುಗಿರಿಯ ಇರುವೆಗಳಿಗೆ ಸುದ್ದಿ ಮುಟ್ಟಿತ್ತು. ಬೆಟ್ಟದ ಕಡೆಯಿಂದ ಕಟ್ಟಿರುವೆ, ಬೀದಿ ಕಡೆಯಿಂದ ಕೆಂಪಿರುವೆ, ಎರಡು ಸೈನ್ಯಗಳೂ ಸಾಲಾಗಿ ಬಂದವು. ನಾಲ್ಕನೆಯ ದಿನ ಪಕ್ಕದ ಮನೆಯ ರಂಗಕ್ಕನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು, ದಾರಿಯ ಅಂಚನ್ನು ನಿಧಾನವಾಗಿ, ಕಣ್ಣು ಮುಚ್ಚಿಕೊಂಡು ನೆಕ್ಕಿತು.

“ಹೋಯ್! ಹೋಯ್! ಎಮ್ಮೆ ಎಳ್ಕೊಳ್ಳಮ್ಮ!” ಎಂದು ರೇಣುಕಯ್ಯನವರು ಕೂಗಿದರೆ, ರಂಗಕ್ಕ ಓಡಿ ಬಂದು ತಿರುಗಿ ಅವರನ್ನೇ ತರಾಟೆಗೆ ತೆಗೆದುಕೊಂಡಳು. “ಅದೇನು ಇಕ್ಕಿದ್ರಿ ಅಯ್ನೋರೆ? ನಮ್ಮ ಎಮ್ಮೆ ಬೆಳಗಿಂದ ಹುಲ್ಲು ಮೂಸ್ತಿಲ್ಲ, ನಿಮ್ಮ ದಾರೀನೇ ನೋಡ್ಕೊಂಡು ಅಂಬಾ ಅಂತೈತೆ. ಏನಾರ ಆದ್ರೆ ನಿಮ್ಮನ್ನ ಬುಡಾಕಿಲ್ಲ!”

“ಕಾಟಪ್ಪ, ಇದು ಯಾವಾಗ ಗಟ್ಟಿಯಾಗೋದಯ್ಯ?”

“ಗಾರೆ ಆದ್ರೆ ಒಂದು ತಿಂಗಳು ಬೇಕು ಅಯ್ನೋರೆ. ಇದು ತಮ್ಮ ಅಲ್ವಾ, ಇನ್ನೂ ಹುಡುಗುಬುದ್ಧಿ. ತಡೀರಿ.”

ತಡೆಯುವ ಹಾಗಿರಲಿಲ್ಲ. ಬೀಗಿತ್ತಿಯ ಸೋಮವಾರಕ್ಕೆ ಇನ್ನು ನಾಲ್ಕೇ ವಾರ. ರೇಣುಕಯ್ಯನವರು ತುಮಕೂರಿನಲ್ಲಿದ್ದ ಹಳೆಯ ಓವರ್‌ಸಿಯರು ನಂದೀಶ್ವರಯ್ಯನವರಿಗೆ ಒಂದು ಕಾರ್ಡು ಬರೆದರು. ಸ್ವಾಭಿಮಾನ ಇದ್ದದ್ದರಿಂದ, “ನಮ್ಮ ಪರಿಚಯದವರೊಬ್ಬರು ಸಿಮೆಂಟಿಗೆ ಬೆಲ್ಲ ಹಾಕಿದ್ದಾರೆ, ಪರಿಣಾಮವೇನು?” ಎಂದು ಕೇಳಿದ್ದರು. ಮೂರನೆಯ ದಿನಕ್ಕೆ ಉತ್ತರ ಬಂತು. ಚನ್ನಮಲ್ಲಮ್ಮನವರಿಗೆ ಕೇಳಿಸಲಿ ಎಂದು ಗಟ್ಟಿಯಾಗಿಯೇ ಓದಲು ಶುರು ಮಾಡಿದರು.

“‘ಬೆಲ್ಲ ಬಿದ್ದ ಸಿಮೆಂಟು ಗಟ್ಟಿಯಾಗುವುದಿಲ್ಲ. ಕೂಡಲೇ ಕಿತ್ತು ಬಿಸಾಡಿ, ಬರೀ ನೀರಿನಲ್ಲಿ ಕಲಸಿ ಹಾಕತಕ್ಕದ್ದು. ಬೆಲ್ಲ ಹಾಕಿದ ಆ ಶತ...’” ಎಂದು ನಿಲ್ಲಿಸಿದರು.

“ಯಾಕೆ ನಿಲ್ಲಿಸಿದ್ರಿ? ಮುಂದೆ ಏನೈತೆ?”

“ಏನಿಲ್ಲ. ಶತಮಾನದ ವಿಷಯ.”

ಚನ್ನಮಲ್ಲಮ್ಮನವರಿಗೆ ಓದು ಬರುತ್ತಿರಲಿಲ್ಲ, ಗಂಡನ ಮುಖ ಓದಲು ಬರುತ್ತಿತ್ತು. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದರು. ಆಮೇಲೆ ಅಡಿಗೆಮನೆಯಲ್ಲಿ ಪಾತ್ರೆಗಳು ಸುಮ್ಮಸುಮ್ಮನೆ ಬಿದ್ದ ಶಬ್ದ ಬಹಳ ಹೊತ್ತು ಕೇಳಿಸಿತು.

ಬೆಲ್ಲದ ದಾರಿಯನ್ನು ಕೆರೆದು ತೆಗೆದದ್ದಾಯಿತು. ಉಳಿದ ಮೂಟೆಗಳಲ್ಲಿ, ಬರೀ ನೀರಿನಲ್ಲಿ ಕಲಸಿ, ಹದಿನೈದು ಗಜಕ್ಕೂ ಹೊಸದಾಗಿ ಹಾಕಿದ್ದೂ ಆಯಿತು. ಈ ಸಲ ರೇಣುಕಯ್ಯನವರು ಒಂದು ಕ್ಷಣವೂ ಅತ್ತಿತ್ತ ಹೋಗಲಿಲ್ಲ. ಬಿಸಿಲಲ್ಲೇ ನಿಂತು, ಒಂದು ಪಾಲು, ಎರಡು ಪಾಲು, ನಾಲ್ಕು ಪಾಲು ಎಂದು ಎಣಿಸಿಯೇ ಎಣಿಸಿದರು. ಮಧ್ಯಾಹ್ನದ ಹೊತ್ತಿಗೆ ಅವರ ಬೋಳುತಲೆ ಹಪ್ಪಳವಿಡಬಹುದಾದ ಹದಕ್ಕೆ ಬಂದಿತ್ತು.

ಮೇಲ್ಮೈ ಸವರುವಾಗ ಕಾಟಪ್ಪ ಕೇಳಿದ: “ಅಯ್ನೋರೆ, ಮೇಲೆ ಪೊರಕೇಲಿ ನಾಕು ಗೀರು ಎಳೀಲಾ? ಒರಟಾಗಿದ್ರೆ ದನಕ್ಕೆ ಕಾಲು ನಿಲ್ತದೆ.”

ಕೇಳಿದ ರೀತಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬೆಲ್ಲದ ಸಲಹೆಯೂ ಇದೇ ಬಾಯಿಂದ ಬಂದದ್ದು! ರೇಣುಕಯ್ಯನವರು ಸೆಟೆದು ನಿಂತರು. “ಗೀರೇ? ಊರೆಲ್ಲ ಇರುವೆ ಕಂಡು ನಕ್ಕಿದೆ. ಈಗ ನೋಡಿದವರು ಮೂಗಿನ ಮೇಲೆ ಬೆರಳಿಡಬೇಕು. ತಿಕ್ಕು! ನುಣುಪು ಕಲ್ಲು ತಗೊಂಡು ತಿಕ್ಕು! ಮುಖ ನೋಡಿಕೊಂಡು ವಿಭೂತಿ ಹಚ್ಚಿಕೊಳ್ಳುವ ಹಾಗೆ ಹೊಳೆಯಬೇಕು!”

“ಇದು ದಾರಿ ಅಯ್ನೋರೆ, ಗುಡಿ ನೆಲ ಅಲ್ಲ.”

“ತಿಕ್ಕು ಅಂದರೆ ತಿಕ್ಕಯ್ಯ.”

ಕಾಟಪ್ಪ ತಿಕ್ಕಿದ. ಅವನಿಗೇನು? ಗಾರೆಗೆ ಮೆರುಗು ಕೊಡುವುದರಲ್ಲಿ ಆ ಸೀಮೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಸಂಜೆಯ ಹೊತ್ತಿಗೆ ದಾರಿ ಕನ್ನಡಿಯಾಗಿತ್ತು. ಮಾರನೆಯ ದಿನ ಅದು ಗಟ್ಟಿಯೂ ಆಯಿತು. ರೇಣುಕಯ್ಯನವರು ಕೈಕೋಲಿನಿಂದ ಕುಟ್ಟಿದರು. ಟಣ್! ಆ ಶಬ್ದವನ್ನು ಹೆಂಡತಿಗೆ ಮೂರು ಸಲ ಕೇಳಿಸಿದರು.

ಇನ್ನು ನೀರುಣಿಸುವ ಕೆಲಸ. “ಹದಿನಾಲ್ಕು ದಿನ ಒಣಗಲು ಬಿಡದೆ ನೀರುಣಿಸತಕ್ಕದ್ದು” ಎಂದು ಅವರು ಸಾವಿರ ಸಲ ಬರೆದಿದ್ದರು. ಬರೆಯುವಾಗ ಅದು ಒಂದೇ ಸಾಲು. ಮಾಡಲು ಹೋದರೆ ದಿನಕ್ಕೆ ಅರವತ್ತು ಕೊಡ! ಬಾವಿಯ ನೀರು ಪಾತಾಳಕ್ಕಿಳಿದಿತ್ತು. ಬಂಡೆಯ ಕಾವಿಗೆ ಹುಯ್ದ ನೀರು ಕೊಡ ಕೆಳಗಿಡುವುದರೊಳಗೆ ಆರುತ್ತಿತ್ತು. ಆರದೆ ಉಳಿದದ್ದು ಇಳಿಜಾರಿನಲ್ಲಿ ಹರಿದು ಬೀದಿಗೆ ಹೋಗುತ್ತಿತ್ತು. ಅದಕ್ಕೆಂದು ಒದ್ದೆ ಹುಲ್ಲು ಹಾಸಿದರು. ರಂಗಕ್ಕನ ಎಮ್ಮೆ ಹಳೆಯ ಸ್ನೇಹ ಮರೆಯದೆ ಬಂದು ಹುಲ್ಲನ್ನೆಲ್ಲ ತಿಂದಿತು. ಗೋಣಿಚೀಲ ಹಾಸಿದರು. ಗೋಣಿಚೀಲದ ಮೇಲೆ ಊರಿನ ನಾಯಿಗಳೆಲ್ಲ ತಂಪಾಗಿ ಮಲಗಿದವು. ರೇಣುಕಯ್ಯನವರು ಪಂಚೆ ಎತ್ತಿಕಟ್ಟಿ, ಹೊಸ ದಾರಿಯನ್ನು ತುಳಿಯದೆ ಪಕ್ಕದ ಮಣ್ಣಂಚಿನಲ್ಲೇ ಹತ್ತಿಳಿದು, ಬೆಳಗಿನಿಂದ ಬೈಗಿನವರೆಗೆ ಕೊಡ ಹೊತ್ತರು. ಎಮ್ಮೆಯನ್ನು ಅಟ್ಟಿದರು, ನಾಯಿಗಳನ್ನು ಎಬ್ಬಿಸಿದರು, ಮತ್ತೆ ಕೊಡ ಹೊತ್ತರು.

ಬೀದಿಯಲ್ಲಿ ಹೋಗುವವರು ನಿಂತು, “ಅಯ್ನೋರು ದಾರಿ ಬಿತ್ತವ್ರೆ ಕಣ್ಲಾ. ಮೊಳಕೆ ಯಾವಾಗ ಬಂದಾತೋ?” ಎಂದು ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತಿದ್ದರು.

ಒಂದು ಬೆಳಗ್ಗೆ ರೇಣುಕಯ್ಯನವರು ಸೊಂಟ ಹಿಡಿದುಕೊಂಡು ಎದ್ದು ಬರುವ ಹೊತ್ತಿಗೆ ಅರ್ಧ ದಾರಿ ಆಗಲೇ ಒದ್ದೆಯಾಗಿತ್ತು. ಚನ್ನಮಲ್ಲಮ್ಮನವರು ಕೊಡ ಹೊತ್ತು ಅದೇ ಮಣ್ಣಂಚಿನಲ್ಲಿ ಏರು ಹತ್ತುತ್ತಿದ್ದರು.

“ನೀನ್ಯಾಕೆ ಹೊರೋಕೆ ಹೋದೆಯೇ?”

“ನಿಮ್ಮ ಇಲಾಖೆ ಮಾನಕ್ಕಲ್ಲ ಕಣ್ರೀ. ನನ್ನ ಮಗಳು ಬರೋ ದಾರಿಗೆ.”

ರೇಣುಕಯ್ಯನವರು ಹೆಂಡತಿಯ ಕೊಡವನ್ನು ಇಸಿದುಕೊಂಡರು. ಅವತ್ತು ಅವರು ಅರವತ್ತರ ಮೇಲೆ ಇನ್ನೂ ಹತ್ತು ಕೊಡ ಹುಯ್ದರು.

ಯುಗಾದಿ ಬಂತು, ಹೋಯಿತು. ಸೋಮವಾರ ಬೆಳಗಾಯಿತು. ಕೊರಟಗೆರೆಯಿಂದ ನಸುಕಿನಲ್ಲೇ ಹೊರಟ ಗಾಡಿ ಊಟದ ಹೊತ್ತಿಗೆ ಬಂದು ಮುಟ್ಟಬೇಕು. ಅಷ್ಟರೊಳಗೆ ದಾರಿಯ ಪ್ರಾರಂಭೋತ್ಸವ ಮಾಡಿಬಿಡೋಣವೆಂದು ರೇಣುಕಯ್ಯನವರು ಜರತಾರಿ ಪೇಟ ಸುತ್ತಿಕೊಂಡರು. ಸಿಮೆಂಟಿಗೆ ಮೂರೆಳೆ ವಿಭೂತಿ ಎಳೆದರು. ಕಾಯಿ ಒಡೆದರು. ಎದುರುಮನೆಯ ಬೊಮ್ಮಣ್ಣನಿಗೆ, “ನಿನ್ನ ಗಾಡಿಯೇ ಮೊದಲು ಹತ್ತಬೇಕು. ಮುಂದೆ ಊರು ಇದನ್ನು ನೆನೆಸಿಕೊಳ್ಳುತ್ತೆ” ಎಂದರು.

ಬೊಮ್ಮಣ್ಣನ ಎತ್ತುಗಳು ಒಳ್ಳೆಯವು. ಹಿಂದಿನ ವಾರವಷ್ಟೇ ಹೊಸ ಲಾಳ ಕಟ್ಟಿಸಿದ್ದ. “ಹೋ, ಬಾ ಮಗಾ” ಎಂದು ಬಾಲ ಮುಟ್ಟಿದ. ಎಡಗೋಲಿನ ಎತ್ತು ಕನ್ನಡಿಯ ಮೇಲೆ ಮುಂಗಾಲಿಟ್ಟಿತು. ಲಾಳ ಕಿರ್ ಎಂದಿತು. ಎರಡನೆಯ ಕಾಲಿಟ್ಟಿತು. ಮುಂದೇನಾಯಿತೆಂದು ಎತ್ತಿಗೂ ತಿಳಿಯಲಿಲ್ಲ. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋಗಿ, ಅದು ಗುಡಿಯ ಮುಂದಿನ ಬಸವಣ್ಣನ ಹಾಗೆ ಮಂಡಿಯೂರಿ ಕೂತುಬಿಟ್ಟಿತು. ಕೂತಲ್ಲಿಯೂ ನಿಲ್ಲದೆ, ಗಾಡಿ ಸಮೇತ ನಿಧಾನವಾಗಿ ಹಿಂದಕ್ಕೆ ಜಾರಿ ಬೀದಿಗೆ ಬಂದು ನಿಂತಿತು. ಬಲಗೋಲಿನ ಎತ್ತು ಒಮ್ಮೆ ಜೊತೆಗಾರನನ್ನು ನೋಡಿತು, ಒಮ್ಮೆ ದಾರಿಯನ್ನು ನೋಡಿತು, ಮುಖ ತಿರುಗಿಸಿಕೊಂಡಿತು. ಆಮೇಲೆ ಬೊಮ್ಮಣ್ಣ ಹೊಗಳಿದರೂ ಅಷ್ಟೇ, ಬೈದರೂ ಅಷ್ಟೇ.

“ಇನ್ನೊಂದು ಸಲ ನೋಡಯ್ಯ. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ಎಲ್ಲ ಸರಿಯಾಗಿದೆ!”

ಬೊಮ್ಮಣ್ಣ ಎತ್ತಿನ ಮಂಡಿ ಸವರುತ್ತ, “ಅಯ್ನೋರೆ, ನಮ್ಮ ಎತ್ತಿಗೆ ಓದು ಬರಾಕಿಲ್ಲ” ಎಂದ.

ಅಷ್ಟು ಹೊತ್ತಿಗೆ ಬಿಸಿಲು ಏರಿತ್ತು. ಕೊರಟಗೆರೆ ಗಾಡಿ ಅರ್ಧ ದಾರಿ ದಾಟಿರಬೇಕು. ರೇಣುಕಯ್ಯನವರು ತಾವೇ ನಡೆದು ತೋರಿಸುತ್ತೇನೆಂದು ಎರಡು ಹೆಜ್ಜೆ ಹತ್ತಿದರು. ಪೇಟ ಒಂದು ಕಡೆ, ತಾವೊಂದು ಕಡೆ ಆಗಿ, ಎತ್ತು ಬಂದ ದಾರಿಯಲ್ಲೇ ಬೀದಿಗೆ ಬಂದು ತಲುಪಿದರು. ಯಾರೂ ನಗಲಿಲ್ಲ. ಯಾಕೆಂದರೆ ಮೇಲೆ ಬಾಗಿಲಲ್ಲಿ ಚನ್ನಮಲ್ಲಮ್ಮನವರು ನಿಂತಿದ್ದರು. ಕೈಯಲ್ಲಿ ಆರತಿಯ ತಟ್ಟೆ ಇತ್ತು, ಕಣ್ಣಲ್ಲಿ ನೀರಿತ್ತು.

“ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ” ಎಂದರು ಅವರು, ಯಾರಿಗೂ ಅಲ್ಲವೆಂಬಂತೆ. “ಮಗಳು ಬೀದಿವರ್ಗೂ ಬಂದು ವಾಪಸ್ಸು ಹೋಗ್ತಾಳೆ.”

ರೇಣುಕಯ್ಯನವರಿಗೆ ಬಿದ್ದ ನೋವಿಗಿಂತ ಆ ಮಾತೇ ಹೆಚ್ಚು ನೋವು ಕೊಟ್ಟಿತು. ಪೇಟ ಎತ್ತಿಕೊಳ್ಳುವುದನ್ನೂ ಮರೆತು ಹಾಗೇ ಕೂತಿದ್ದರು.

ಚನ್ನಮಲ್ಲಮ್ಮನವರು ಅತ್ತದ್ದು ಅಷ್ಟೇ. ಆರತಿ ತಟ್ಟೆಯನ್ನು ಒಳಗಿಟ್ಟು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ದಾರಿಗೆಂದು ಅಗೆದು ತೆಗೆದ ಮಣ್ಣು ಮನೆಯ ಪಕ್ಕದಲ್ಲಿ ಗುಡ್ಡೆ ಬಿದ್ದಿತ್ತು. ಅದಕ್ಕೆ ಗುದ್ದಲಿ ಹಾಕಿದರು.

“ಏನು ಮಾಡ್ತೀಯೇ?”

“ಎತ್ತಿಗೆ ಗೊತ್ತಿರೋ ದಾರಿ ಮಾಡ್ತೀನಿ. ಕೂತು ನೋಡ್ತೀರೋ, ಮಂಕರಿ ಹಿಡೀತೀರೋ?”

“ಸಿಮೆಂಟಿನ ಮೇಲೆ ಮಣ್ಣೇ?” ಎಂಬ ಪ್ರಶ್ನೆ ರೇಣುಕಯ್ಯನವರ ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡರು. ಮಂಕರಿ ಹಿಡಿದರು.

ಆಮೇಲೆ ನಡೆದದ್ದನ್ನು ಆ ಬೀದಿಯವರು ಬಹಳ ದಿನ ಹೇಳಿಕೊಂಡರು. ಬೊಮ್ಮಣ್ಣ ಕೊಟ್ಟಿಗೆಯಿಂದ ಗರಸು ತಂದು ಸುರಿದ. ರಂಗಕ್ಕ ಎಮ್ಮೆಯ ಕಾಲಡಿಯ ಹುಲ್ಲು ಗಲೀಜನ್ನೆಲ್ಲ ಬಾಚಿ ತಂದು, “ಅಂಟು ಇರ್ಲಿ” ಎಂದು ಹರಡಿದಳು. ಚನ್ನಮಲ್ಲಮ್ಮನವರು ನೀರು ಚಿಮುಕಿಸಿದರು. ರೇಣುಕಯ್ಯನವರು ಜರಿಯಂಚಿನ ಪಂಚೆಯಲ್ಲೇ, ತಲೆಯ ಮೇಲೆ ಮಂಕರಿ ಹೊತ್ತು, ತಾವೇ ಕನ್ನಡಿ ಮಾಡಿಸಿದ್ದನ್ನು ತಮ್ಮ ಕೈಯಾರೆ ಗಜ ಗಜವಾಗಿ ಹೂತರು. ಕೊನೆಗೆ ಬೀದಿಯವರೆಲ್ಲ ಸೇರಿ ತುಳಿದು ಗಟ್ಟಿ ಮಾಡಿದರು. ಹೊಳೆಯುವುದು ಅಂಗೈಯಗಲವೂ ಕಾಣದಂತಾಯಿತು. ಬೊಮ್ಮಣ್ಣನ ಎತ್ತು ಮೂಸಿ ನೋಡಿ, ಕಾಲಿಟ್ಟು, ಇನ್ನೊಂದು ಕಾಲಿಟ್ಟು, ಬಾಗಿಲವರೆಗೂ ಹತ್ತಿ ಹೋಯಿತು.

ಕೊನೆಯ ಮಂಕರಿ ಸುರಿಯುವುದಕ್ಕೂ ಬೀದಿ ಕೊನೆಯಲ್ಲಿ ಗಾಡಿಯ ಗೆಜ್ಜೆ ಕೇಳುವುದಕ್ಕೂ ಸರಿಹೋಯಿತು.

ಕಮಾನು ಗಾಡಿ ಬಂತು. ಏರಿನ ಬುಡದಲ್ಲಿ ಶಿವರುದ್ರಮ್ಮನವರು ಕಮಾನಿನಿಂದ ತಲೆ ಹೊರಗೆ ಹಾಕಿ, “ನಿಧಾನ ಕಣಯ್ಯ” ಎಂದರು. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಎತ್ತುಗಳು ಒಂದು ಕ್ಷಣವೂ ಅನುಮಾನಿಸಲಿಲ್ಲ. ಊರಿನ ದಾರಿಯೆಂದರೆ ಹೀಗೇ ಇರಬೇಕಲ್ಲವೇ ಎಂಬಂತೆ, ತಲೆಯಾಡಿಸುತ್ತ ಹತ್ತಿ ಬಂದು ಹೊಸಿಲ ಮುಂದೆ ನಿಂತವು. ನಾಗರತ್ನಮ್ಮ ತಾಯಿಯ ಹೆಗಲು ಹಿಡಿದು ಇಳಿದಳು. ಚನ್ನಮಲ್ಲಮ್ಮನವರು ಮಣ್ಣುಗೈಯಲ್ಲೇ ಮಗಳ ಮುಖ ಸವರಿ, ನಗುತ್ತ ಅಳುತ್ತ, “ಬಂದ್ಯಾ ತಾಯಿ, ಬಂದ್ಯಾ” ಎಂದರು. ಅದನ್ನು ನೋಡಿ ರೇಣುಕಯ್ಯನವರಿಗೆ ಸೊಂಟದ ನೋವು, ಪೇಟದ ಚಿಂತೆ, ಇಲಾಖೆಯ ಮಾನ ಎಲ್ಲ ಮರೆತುಹೋಯಿತು.

ಶಿವರುದ್ರಮ್ಮನವರು ಇಳಿದು, ತಿರುಗಿ ನಿಂತು, ದಾರಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ಬೀ‌ಗರೇ, ಸುಳ್ಳು ಹೇಳಬಾರ್ದು. ಮೆತ್ತೆ ಮೇಲೆ ಕೂತು ಬಂದಂಗಿತ್ತು. ಒಂದು ಕಡೆ ಎತ್ತಿ ಹಾಕ್ಲಿಲ್ಲ. ಅಡಿ ಏನು ಗಟ್ಟಿ, ಮೇಲೇನು ಮೆತ್ತಗೆ!”

“ಏನೋ, ನಮ್ಮ ಕೈಲಾದದ್ದು” ಎಂದರು ರೇಣುಕಯ್ಯ.

“ನಮ್ಮೂರಲ್ಲಿ ಸಾಹುಕಾರರೊಬ್ರು ಮನೆ ಮುಂದೆ ಅದೇನೋ ಸಿಮೆಂಟು ಅಂತ ಬಳಿಸವ್ರೆ. ನಾಯೀನೂ ನಿಲ್ಲಾಕಿಲ್ಲ ಅದರ ಮೇಲೆ. ಆ ಹುಚ್ಚು ಮಾತ್ರ ನೀವು ಹಿಡಿಸ್ಕೋಬ್ಯಾಡಿ!”

ರಂಗಕ್ಕನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಬೊಮ್ಮಣ್ಣ ಎತ್ತಿನ ಹಿಂದೆ ಮುಖ ಮರೆಸಿಕೊಂಡ. ಚನ್ನಮಲ್ಲಮ್ಮನವರು ಮಾತ್ರ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ, “ಅಯ್ಯೋ, ಇವ್ರಿಗೆ ಅಂಥ ಹುಚ್ಚೆಲ್ಲ ಎಲ್ಲೈತೆ ಕಣಮ್ಮ” ಎಂದರು.

“ಅದೇ ಅಂತೀನಿ! ಮರಾಮತ್ತು ಇಲಾಖೇಲಿ ಮೂವತ್ತು ವರ್ಷ ಇದ್ದೋರು ಅಂದ್ರೆ ಸುಮ್ನೇನಾ? ಮಣ್ಣಿನ ಬೆಲೆ ತಿಳಿದೋರು!” ಎಂದು ಬೀಗಿತ್ತಿ ಮನತುಂಬಿ ಹೊಗಳಿದರು. “ಇಂಥ ದಾರಿ ಇರೋವಾಗ ನಂಗೇನು ಭಯ? ಹೆರಿಗೆ ಆಗಿ, ಮಗೂಗೆ ಹೆಸರಿಡೋವರ್ಗೂ ನಾನೂ ಇಲ್ಲೇ ಇದ್ಬುಡ್ತೀನಿ.”

ಇಡೀ ಜನ್ಮದಲ್ಲಿ ಕಾದಿದ್ದ ಹೊಗಳಿಕೆ ಹೀಗೆ ಬಂದು ತಲೆಯ ಮೇಲೆ ಬಿದ್ದಾಗ, ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ರೇಣುಕಯ್ಯನವರಿಗೆ ತಿಳಿಯಲಿಲ್ಲ. ಬೀಗಿತ್ತಿಯೂ ಮಗಳೂ ಒಳಗೆ ಹೋದರು. ಅಷ್ಟರಲ್ಲಿ ಪಾವಗಡದ ದಿಕ್ಕಿನಲ್ಲಿ ಗುಡು ಗುಡು ಎಂದಿತು. ಬೆಟ್ಟದ ನೆತ್ತಿಯ ಹಿಂದಿನಿಂದ ಒಂದು ಕರಿ ಮೋಡ ಮೆಲ್ಲಗೆ ಇಣುಕಿತು. ಆ ಸೀಮೆಯಲ್ಲಿ ಮೋಡ ಕಂಡರೆ ಕೈಮುಗಿಯದವರಿಲ್ಲ. ರೇಣುಕಯ್ಯನವರೂ ಕೈಮುಗಿದರು, ಬರಬೇಡಪ್ಪಾ ಎಂದು.

ಬೆನ್ನ ಹಿಂದೆ ಚನ್ನಮಲ್ಲಮ್ಮನವರು ಬಂದು ನಿಂತಿದ್ದರು. ದನಿ ತಗ್ಗಿಸಿ ಕೇಳಿದರು:

“ಅಲ್ಲಾ, ಆ ಸಿಮೆಂಟು ಎಷ್ಟು ವರ್ಷ ಬಾಳಿಕೆ ಬರ್ತದೆ?”

ರೇಣುಕಯ್ಯನವರ ಎದೆ ತಾನಾಗಿಯೇ ಉಬ್ಬಿತು. “ಏನಂದುಕೊಂಡೆ? ನೂರು ವರ್ಷ! ಯಾರಿಂದಲೂ ಅಲ್ಲಾಡಿಸೋಕೆ ಆಗಲ್ಲ!”

“ಅಂಗಾದ್ರೆ ನೂರು ವರ್ಷ ಮಣ್ಣು ಹೊರೋದೈತೆ” ಎಂದು ಚನ್ನಮಲ್ಲಮ್ಮನವರು ಮಂಕರಿಯನ್ನು ಅವರ ಕೈಗೆ ಕೊಟ್ಟರು. “ಹೊರಡಿ, ಹನಿ ಬೀಳಾಕೆ ಶುರುವಾತು.”